ಸಣಕಲು ಚಿನ್ನ

ಹೋದ ವಾರ ಕೊಂಡ ಕುಂಚದಲ್ಲಿ ಒಂದು ಕೂದಲು ಮಾತ್ರ ಉಳಿದವುಗಳ ಜೊತೆ ಹೊಂದಿಕೊಳ್ಳದೆ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ನಾನೆಳೆಯುವ ಪ್ರತಿ ಗೆರೆಗೂ ಒಂದು ಮರಿಗೆರೆ ಹುಟ್ಟುತ್ತಿದೆ. ಚೀನಾದ ಸೋಂಗ್ ಸಾಮ್ರಾಟ ಹ್ವೀಝೊಂಗನ ‘ಶೌಜಿನ್’ ಅಕ್ಷರಶೈಲಿಯನ್ನು, ಅಂದರೆ ಸಣಕಲು ಚಿನ್ನವನ್ನು, ತಿದ್ದಲು ಕುಳಿತವನಿಗೆ ಇದಕ್ಕಿಂತ ಅವಮಾನವಿಲ್ಲ. ಅಲ್ಲಿ ಅಡ್ಡಗೆರೆ ದಾರದೆಳೆಯಂತೆ ಸಾಗಿ, ಕೊನೆಯಲ್ಲಿ ತಟ್ಟನೆ ತಿರುಗಿ ಕೊಕ್ಕೆಯಾಗುತ್ತದೆ. ಎಡಕ್ಕಿಳಿಯುವ ಗೆರೆ ಬಾಕು, ಬಲಕ್ಕಿಳಿಯುವುದು ಮಚ್ಚು. ದಪ್ಪ ಅಕ್ಷರದಲ್ಲಾದರೆ ನಡುಗಿದ ಕೈಯನ್ನು ಮಸಿ ಮುಚ್ಚಿಬಿಡುತ್ತದೆ, ಇಲ್ಲಿ ಆ ದಯೆಯಿಲ್ಲ.

ಕುಂಚವನ್ನು ಬೈದು ಮುಗಿಸಿದ ಮೇಲೆ ನೆನಪಾದವರು ಕಾಪಿ ಬರೆಸುತ್ತಿದ್ದ ಮೇಷ್ಟರು. ಅಕ್ಷರ ನೆಟ್ಟಗಿದ್ದವನ ನಡತೆಯೂ ನೆಟ್ಟಗಿರುತ್ತದೆಂಬುದು ಅವರ ಸಿದ್ಧಾಂತ. ತಾಂಗ್ ಕಾಲದ ಕುಂಚಲಿಪಿಕಾರ ಲಿಯೂ ಗೊಂಗ್‌ಚ್ವಾನ್ ಕೂಡ ಮನಸ್ಸು ನೆಟ್ಟಗಿದ್ದರೆ ಕುಂಚ ನೆಟ್ಟಗಿರುತ್ತದೆಂದು ತನ್ನ ದೊರೆಗೇ ಹೇಳಿದನಂತೆ. ಇಬ್ಬರಿಗೂ ನನ್ನ ಉತ್ತರ ಒಂದು ಬಂಡೆ.

1100ರಲ್ಲಿ ಪಟ್ಟವೇರಿದ ಹ್ವೀಝೊಂಗನಿಗೆ ಕಲ್ಲಿನ ಹುಚ್ಚು. ರಾಜಧಾನಿ ಕೈಫೆಂಗ್‌ನಲ್ಲಿ ಅವನು ಕಟ್ಟಿಸಿದ ಕೃತಕ ಬೆಟ್ಟದ ತೋಟಕ್ಕೆಂದು ಸುಝೌದ ಝು ಮಿಯಾನ್ ಎಂಬವನು ತೈಹು ಸರೋವರದಿಂದ ನಾಲ್ಕು ಝಾಂಗ್, ಅಂದರೆ ಸುಮಾರು 12 ಮೀಟರ್ ಎತ್ತರದ ಬಂಡೆಯೊಂದನ್ನು ಹಡಗಿಗೇರಿಸಿ, ಸಾವಿರಾರು ಆಳುಗಳನ್ನು ದುಡಿಸಿ, ದಾರಿಯ ಊರುಗಳ ಸೇತುವೆ, ನೀರುಬಾಗಿಲುಗಳನ್ನು ಕೀಳಿಸಿ, ಕೋಟೆಗೋಡೆಗಳನ್ನು ಒಡೆಸಿ ತಂದೊಪ್ಪಿಸಿದ. ದೊರೆ ಹಿಗ್ಗಿ, ದೈವವೇ ಸಾಗಿಸಿದ ಕಲ್ಲೆಂದು ಅದಕ್ಕೆ ಹೆಸರಿಟ್ಟ. ಆಳುಗಳ ಅಂಗೈಯ ಬೊಬ್ಬೆಗಳು ಹೀಗೆ ದೈವದ ಲೆಕ್ಕಕ್ಕೆ ಜಮೆಯಾದವು. ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನರು ನಗರವನ್ನು ಮುತ್ತಿದಾಗ ಒಳಗಿನವರು ಆ ತೋಟದ ಕಲ್ಲುಗಳನ್ನೇ ಒಡೆದು ಕವಣೆಗಳಿಗೆ ಗುಂಡು ಮಾಡಿಕೊಂಡರು. ಕಲ್ಲಿಗೆ ಬಿರುದು ಕೊಟ್ಟವನಿಗೂ ಒಂದು ಬಿರುದು ಒದಗಿತು: 1127ರಲ್ಲಿ ಅವನನ್ನು ಸೆರೆ ಒಯ್ದ ಶತ್ರುಗಳು ‘ಮಂಕುಗುಣದ ಪಾಳೆಯಗಾರ’ ಎಂಬರ್ಥದ ಪದವಿ ಕೊಟ್ಟರು. ದೂರದ ಉತ್ತರದಲ್ಲಿ 1135ರಲ್ಲಿ ಸತ್ತ.

ಆದರೆ 1104ರಲ್ಲಿ ಇದೇ ಮನುಷ್ಯ ಬರೆದ ಸಾವಿರ ಅಕ್ಷರಗಳ ಸುರುಳಿ ಶಾಂಘೈ ವಸ್ತುಸಂಗ್ರಹಾಲಯದಲ್ಲಿದೆ, ಅದರ ಚಿತ್ರದಲ್ಲಿ ಸೊಟ್ಟ ಗೆರೆಯೊಂದನ್ನು ಹುಡುಕಿ ನನಗೆ ಕಣ್ಣು ನೋವು ಬಂದಿದೆ. ಮೇಷ್ಟರಿದ್ದಿದ್ದರೆ, ಗುಣ ಸಣ್ಣದಾದ್ದರಿಂದಲೇ ಗೆರೆ ಸಣ್ಣದಾಯಿತೆಂದು ಜಾರಿಕೊಳ್ಳುತ್ತಿದ್ದರು. ಅವರನ್ನು ವಾದದಲ್ಲಿ ಗೆದ್ದವರಿಲ್ಲ.

ಸಿಟ್ಟಿನಲ್ಲಿ ಆ ಕೂದಲನ್ನು ಕತ್ತರಿಸಿ ಹಾಕಿದೆ. ಈಗ ಅದರ ಪಕ್ಕದ್ದು ಚಾಚಿಕೊಂಡಿದೆ.