ಶ್ರಾವಣದಾಗ ಸ್ಟೇರಿಂಗ್ ಬಿಚ್ಚಿದ್ದು

ನಮ್ಮ ಮನಿ ಪಿಕಪ್ಪಿಗೆ ಇಪ್ಪತ್ತರ ಹತ್ರ ವಯಸ್ಸು. ಗಂಗಾವತಿ ಸುತ್ತಮುತ್ತಲಿನ ರೈಸ್ ಮಿಲ್ಲಿನ ಗೇಟೆಲ್ಲಾ ಅದಕ್ಕ ಗೊತ್ತು, ಡ್ರೈವರ್ ನಿದ್ದಿ ಹೊಡದ್ರೂ ತಾನೇ ಹೋಗಿ ಕಾಟಾದ ಮ್ಯಾಲೆ ನಿಲ್ಲತೈತಿ ಅಂತ ನಮ್ಮಪ್ಪ ಹೇಳ್ತಿದ್ದ. ಆದ್ರ 2024ರ ಮಳಿಗಾಲದ ಹೊತ್ತಿಗೆ ಅದರ ಸ್ಟೇರಿಂಗ್ ಹಿಡಿದ್ರ ಮಜ್ಜಿಗಿ ಕಡಗೋಲು ಹಿಡದಂಗ ಆಗ್ತಿತ್ತು. ಮ್ಯಾಲೆ ಕೆಳಗ ಆಡೋದು, ಕಾಲು ಸುತ್ತು ತಿರುವಿದ ಮ್ಯಾಲೆ ಗಾಲಿಗೆ ಸುದ್ದಿ ಮುಟ್ಟೋದು. ಮೇಸ್ತ್ರಿ ನೋಡಿ, ಕಾಲಂ, ಅಂದ್ರ ಸ್ಟೇರಿಂಗ್ ಚಕ್ರದಿಂದ ಕೆಳಗ ಹೋಗೋ ಪೈಪು, ಅದರ ಬೇರಿಂಗ್ ಹೋಗೈತಿ, ಮ್ಯಾಲಿನ ಕ್ರಾಸೂ ಹೋಗೈತಿ, ಪೂರ್ತಿ ಕಾಲಮ್ಮೇ ಬದಲಿ ಮಾಡ್ರಿ, ಕೂಲಿ 1,500 ಅಂದ.

"ನಾಕು ಬೋಲ್ಟ್ ಬಿಚ್ಚಿ ನಾಕು ಬೋಲ್ಟ್ ಹಾಕಾಕ 1,500 ಏನ್ರಿ?" ಅಂದೆ. ಅವ ಏನೂ ಅನ್ನಲಿಲ್ಲ, ಸುಮ್ನ ನಕ್ಕ. ಆ ನಗು ಅವತ್ತು ನನಗ ತಿಳೀಲಿಲ್ಲ.

ನಾನೇ ಬಿಚ್ಚಾಕ ಕುಂತೆ, ಜೊತಿಗೆ ನಮ್ಮಕ್ಕನ ಮಗ. ಐಟಿಐ ಓದ್ತಾನ, ಓದ್ತಾನ ಅಂದ್ರ ಹೆಸರು ಹಚ್ಚ್ಯಾನ. "ಮಾಮಾ, ವಿಡಿಯೋ ನೋಡೀನಿ, ಒಂದು ತಾಸಿನ ಕೆಲಸ" ಅಂದ. ಬಿಚ್ಚೋಕಿಂತ ಮೊದ್ಲ ಗಾಲಿ ನೆಟ್ಟಗ ಇಟ್ಟು ಪೈಪಿನೊಳಗ ತಿರುಗೋ ಶಾಫ್ಟಿಗೂ, ಅದನ್ನ ಮುಂದಕ್ಕ ಜೋಡಿಸೋ ಕೆಳಗಿನ ಕ್ರಾಸಿಗೂ ಕೂಡಿಸಿ ಒಂದು ಗುರುತು ಹಾಕಬೇಕಂತ, ಯಾಕಂದ್ರ ಶಾಫ್ಟಿನ ಮ್ಯಾಲೆ ಸಣ್ಣ ಸಣ್ಣ ಹಲ್ಲು ಇರ್ತಾವು, ನಾನು ಎಣಿಸಿದೆ 36, ಒಂದು ಹಲ್ಲು ಅತ್ಲಾಗ ಇತ್ಲಾಗ ಆದ್ರ 10 ಡಿಗ್ರಿ ಸೊಟ್ಟ. ಪೇಂಟು ಇರ್ಲಿಲ್ಲ, ಅವ್ವನ ಎಲಿಅಡಿಕಿ ಸಂಚಿಯಾಗಿನ ಸುಣ್ಣ ತಗಂಡು ಬೆಳ್ಳಗ ಒಂದು ಗೀಟು ಎಳದೆ. ಅಷ್ಟು ಚಂದ ಗೀಟು ನಾನು ಸಾಲ್ಯಾಗನೂ ಎಳದಿರ್ಲಿಲ್ಲ.

ಆಮ್ಯಾಲೆ ಸ್ಟೇರಿಂಗ್ ಚಕ್ರ ತಗಿಬೇಕು. ನಟ್ಟು ಪೂರ್ತಿ ಬಿಚ್ಚಬಾರ್ದು, ಎರಡು ಸುತ್ತು ಅಲ್ಲೇ ಬಿಟ್ಟು ಪುಲ್ಲರ್ ಹಾಕಿ ಎಳೀಬೇಕು. ಸುತ್ತಿಗಿಲೆ ಬಡಿಯೋದಂತೂ ಬ್ಯಾಡೇ ಬ್ಯಾಡ, ಆಕ್ಸಿಡೆಂಟ್ ಆದ್ರ ಪೈಪು ಎದಿಗೆ ನೆಡದಂಗ ಒಳಗ ಸರೀಲಿ ಅಂತ ಭಾಳ ಗಾಡ್ಯಾಗ ಪ್ಲಾಸ್ಟಿಕ್ ಪಿನ್ ಹಾಕಿರ್ತಾರ, ಬಡದ್ರ ಅವು ಮುರೀತಾವು. ಇದೆಲ್ಲಾ ಈಗ ಹೇಳಾಕ ಬರತೈತಿ. ಅವತ್ತು ನಟ್ಟು ಪೂರಾ ಬಿಚ್ಚಿ, ಎರಡೂ ಕೈಲೆ ಹಿಡದು, ಜೈ ಆಂಜನೇಯ ಅಂತ ಜಗ್ಗಿದೆ. ಬಂತು. ಸೀದಾ ತುಟಿಗೇ ಬಂತು. ಮೂರು ದಿನ ಪ, ಬ, ಮ ಯಾವ ಅಕ್ಷರಾನೂ ಸರಿ ಬರ್ಲಿಲ್ಲ.

ಬಳ್ಳಾರಿ ಗುಜರಿ ಅಂಗಡ್ಯಾಗ ಫೋನ್ ಮಾಡಿದ್ರ, ಹಳೇದು ತರ್ರಿ, ಅಳತಿ ನೋಡಿ ಕೊಡ್ತೀನಿ, 500 ಕಡಿಮಿ ಮಾಡ್ತೀನಿ ಅಂದ. ಹೋಗಾಕ ಗಾಡಿ ಎಲ್ಲೈತಿ, ಸ್ಟೇರಿಂಗ್ ನನ್ನ ಹೆಗಲ ಮ್ಯಾಲೈತಿ. ಬಸ್ಸು ಹತ್ತಿದೆ. ಅದರ ಹಿಂದಿನ ದಿನ, ಆಗಸ್ಟ್ 10ರ ರಾತ್ರಿ, ಟಿಬಿ ಡ್ಯಾಮು, ಅಂದ್ರ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡದು ಗೇಟು ಕೊಚ್ಚಿಕೊಂಡು ಹೋಗಿತ್ತು. ನಾಟಿ ಮಾಡಿದ ಮಂದಿಗೆಲ್ಲಾ ಜೀವ ಬಾಯಿಗೆ ಬಂದಿತ್ತು, ಬಸ್ಸಿನ ತುಂಬಾ ಅದೇ ಮಾತು. ನದಿ ಏರಿದ್ರ ಕಂಪ್ಲಿ ಸೇತುವಿ ಮುಳುಗತೈತಿ ಅಂತ ಹೆದರಿ ನಾನು ಹೊಸಪೇಟಿ ಸುತ್ತಿ ಹೊಂಟಿದ್ದೆ. ಗೋಣಿಚೀಲ ಸುತ್ತಿದ ಮೂರು ಫೂಟಿನ ಪೈಪು ತೊಡಿ ಮ್ಯಾಲೆ, ತುಟಿ ಬಾತದ್ದು, ಬಾಜೂಕ ಕುಂತ ಅಜ್ಜ ಒಂದು ಸಲ ಪೈಪು ನೋಡ್ತಾನ, ಒಂದು ಸಲ ತುಟಿ ನೋಡ್ತಾನ, ಕಡೀಗೆ "ತಮ್ಮಾ, ಬಂದೂಕೇನು?" ಅಂದ. ಅಲ್ಲಜ್ಜಾ, ಸ್ಟೇರಿಂಗ್ ಅಂದೆ. ಅಜ್ಜ ಎದ್ದು ಡ್ರೈವರ್ ಕಡೆ ಹಣಿಕಿ ಹಾಕಿ, ಅವನ ಕೈಯಾಗ ಸ್ಟೇರಿಂಗ್ ಇರೋದು ಖಾತ್ರಿ ಮಾಡ್ಕಂಡು ಕುಂತ.

4,500 ಅಂದಿದ್ದ, ಹಳೇದು ಹೋಗಿ 4,000 ಕೊಟ್ಟು ತಂದೆ. ರಾತ್ರಿ ಮನಿಗೆ ಬಂದು ನೋಡಿದ್ರ ಶಾಫ್ಟು ತಿರುಗವಲ್ದು. ಲಾಕ್ ಆಗೈತಿ. ಚಾವಿ ಇಲ್ಲ. ನಮ್ಮ ಹಳೇ ಲಾಕ್ ಇದಕ್ಕ ಹಾಕೋಣಂದ್ರ ಅದು ಕಾಲಮ್ಮಿನ ಜೊತಿಗೇ ಹೋಗೈತಿ, ಇದರ ಲಾಕ್ ಬಿಚ್ಚೋಣಂದ್ರ ಅದರ ಬೋಲ್ಟಿಗೆ ತಲಿನೇ ಇಲ್ಲ, ಬಿಗಿ ಮಾಡುವಾಗ ತಲಿ ಮುರುದು ಬೀಳೋ ಬೋಲ್ಟ್ ಅವು, ಕಳ್ಳರು ಬಿಚ್ಚಬಾರ್ದಂತ. ಕಳ್ಳರಿಗೆ ಬ್ಯಾರೆ ಉಪಾಯ ಇರ್ತಾವು, ಸಿಕ್ಕಿಬೀಳೋದು ನಾವು. ಅಂಗಡಿಯವ್ಗ ಫೋನ್ ಮಾಡಿದ್ರ "ಚಾವಿ ಇಲ್ಲೇ ಐತ್ರಿ, ನೀವು ಕೇಳ್ಲೇ ಇಲ್ಲಲ್ಲ" ಅಂದ.

ಮತ್ತ ಬಳ್ಳಾರಿ. ಅಂಗಡಿ ಮುಂದಿನ ಗುಡ್ಡಿ ಮ್ಯಾಲೆ ನಮ್ಮ ಹಳೇ ಕಾಲಮ್ಮು ಮಲಗಿತ್ತು, ಅವ್ವನ ಸುಣ್ಣದ ಗೀಟು ಬಿಸಿಲಿಗೆ ಪಳಪಳ ಅಂತಿತ್ತು, ನಮ್ಮನಿದು ಅಂತ ಕರಳು ಚುರುಕ್ ಅಂತು. ಅಷ್ಟೇ. ತಲಿ ಮಾತ್ರ ಓಡಲಿಲ್ಲ. ಎದುರಿಗೆ ಒಗ್ಗರಣಿ ಮಿರ್ಚಿ ತಿಂದು, ತುಟಿಗೆ ಖಾರ ತಗಲಿ ಕಣ್ಣೀರು ಹಾಕ್ಕೊಂತ ಬಸ್ಸು ಹತ್ತಿದೆ.

ಕೂಡ್ಸುವಾಗ ಅಳಿಯ ಕೆಳಗ ಮಲಗಿ ಕೇಳಿದ: "ಮಾಮಾ, ಕ್ರಾಸಿಗೆ ಗುರುತು ಕಾಣತೈತಿ, ಶಾಫ್ಟಿನ ಗುರುತು ಎಲ್ಲೈತಿ?"

ಬಳ್ಳಾರ್ಯಾಗ ಐತಿ.

ಅಂದಾಜಿನ ಮ್ಯಾಲೆ ಕೂಡ್ಸಿದ್ವಿ. ಬ್ಯಾಟರಿ ಮೈನಸ್ ಹಚ್ಚಿದ್ವಿ. ಹಚ್ಚಿದ್ದೇ ತಡ ಹಾರ್ನ್ ಶುರುವಾತು, ವೈರು ಎಲ್ಲೋ ಕವರಿನ ಕೆಳಗ ಸಿಕ್ಕು ಬಾಡಿಗೆ ತಗಲಿತ್ತು. ಸಂಜಿ ಏಳು, ಶ್ರಾವಣ ಮಾಸ, ಓಣಿ ಮಠದಾಗ ಪುರಾಣ ನಡದೈತಿ. ಅಳಿಯ ಟರ್ಮಿನಲ್ ಕೀಳೂದು ಬಿಟ್ಟು ಹಾರ್ನ್ ಬಟನ್ ಗುದ್ದಾಕತ್ತಿದ. ಮೈಕಿನಾಗ ಪುರಾಣ ಹೇಳೋರು ಒಂದು ಗಳಿಗಿ ಸುಮ್ನಾಗಿ, "ಯಾರಪಾ ಅದು, ಶಂಖ ಊದೋದು ಇನ್ನೂ ಮುಂದಿನ ಅಧ್ಯಾಯದಾಗ ಐತಿ" ಅಂದ್ರು. ಇಡೀ ಮಠ ನಕ್ಕಿದ್ದು ನಮ್ಮ ಕಟ್ಟಿತನಕ ಕೇಳಿಸ್ತು.

ಮನಿಯಾಕಿ ಅಲ್ಲೀತನಕ ಸುಮ್ನಿದ್ದಾಕಿ ಬಾಗಲಿಗೆ ಬಂದು, "ಅಷ್ಟು ದೊಡ್ಡ ಡ್ಯಾಮಿಗೆ, ಹರಿಯೋ ನೀರಾಗ ವಾರದೊಳಗ ಸ್ಟಾಪ್ ಲಾಗ್ ಅಂತ ತಾತ್ಕಾಲಿಕ ಗೇಟ್ ಕೂಡ್ಸಿದ್ರು. ನಿಮ್ದು ಒಂದು ಪೈಪು, ನೀರೂ ಇಲ್ಲ ನಿಡಿ ಇಲ್ಲ, ಹತ್ತು ದಿನ ಆತು" ಅಂದ್ಲು. ಆ ಗೇಟ್ ಕೂಡ್ಸಿದ ತಜ್ಞರು ಕನ್ನಯ್ಯ ನಾಯ್ಡು ಅವರನ್ನ ಕರಸೋಣೇನು ಅಂತ ಬ್ಯಾರೆ ಕೇಳಿದ್ಲು.

ಗಾಡಿ ನೆಟ್ಟಗ ಹೋದ್ರ ಸ್ಟೇರಿಂಗ್ ಸಿಂಧನೂರು ಕಡೆ ಮಾರಿ ಮಾಡೋದು. ಚಕ್ರ ಅಷ್ಟೇ ಕಿತ್ತಿ ನೆಟ್ಟಗ ಹಾಕಿದ್ರ, ನೋಡಾಕ ಚಂದಾತು, ಇಂಡಿಕೇಟರ್ ತಾನಾಗೇ ಆರೋದು ಒಂದು ಕಡೆ ಮೊದ್ಲು, ಇನ್ನೊಂದು ಕಡೆ ಆರೋದೇ ಇಲ್ಲ. ಕಡೀಗೆ ಮೇಸ್ತ್ರಿನ ಕರದೆ, ಯಾಕಂದ್ರ ಕೆಳಗಿನ ಕ್ರಾಸಿನ ಬೋಲ್ಟ್ ಸಡ್ಲಾದ್ರ ಸ್ಟೇರಿಂಗ್ ಕೈಯಾಗ, ಗಾಡಿ ಕಾಲುವ್ಯಾಗ. ಅವ ಎಡಕ್ಕ ಪೂರ್ತಿ, ಬಲಕ್ಕ ಪೂರ್ತಿ ತಿರುವಿ, ಸುತ್ತು ಎಣಿಸಿ, ನಡು ಹಿಡದು, ಕ್ರಾಸ್ ಬಿಚ್ಚಿ ಎರಡು ಹಲ್ಲು ಸರಿಸಿ ಬಿಗದ. ಹತ್ತು ನಿಮಿಷ. "ಎಷ್ಟಾತ್ರಿ?" ಅಂದೆ. "1,500" ಅಂದು ಅದೇ ನಗು ನಕ್ಕ, ಆಮ್ಯಾಲೆ 200 ತಗಂಡು ಹೋದ.

ಎಲ್ಲಾ ಸರಿ ಆತು, ಆದ್ರ ಕಾಲಿಗೆ ಇಂಜಿನ್ನಿನ ಬಿಸಿಗಾಳಿ ಹೊಡಿಯಾಕತ್ತು. ಪೈಪು ತಗಡು ದಾಟಿ ಇಂಜಿನ್ ಕಡೆ ಹೋಗೋ ತೂತಿಗೆ ಒಂದು ರಬ್ಬರ್ ಬೂಟು ಇರತೈತಿ, ಅದನ್ನ ಹಾಕೋದೇ ಮರತೀವಿ. ಅಂಗಳ ಹುಡುಕಿದೆ, ಟೂಲ್ ಡಬ್ಬಿ ಹುಡುಕಿದೆ, ಅಳಿಯನ ಕಿಸೆ ಹುಡುಕಿದೆ. ಬಾಯಾರಿ ನೀರು ಕುಡಿಯಾಕ ಒಳಗ ಹೋದ್ರ, ಅವ್ವ ಕೊಡದ ಕೆಳಗ ಸಿಂಬಿ ಮಾಡಿ ಇಟ್ಟಾಳ. "ಎಲ್ಲಿಂದ ತಂದಿಯೋ ತಮ್ಮಾ, ಕೊಡ ಒಂಚೂರೂ ಅಳ್ಳಾಡವಲ್ದು, ಇನ್ನೊಂದಿದ್ರ ತಾ" ಅಂದ್ಲು.

ಅದನ್ನ ಹಾಕಬೇಕಂದ್ರ ಮತ್ತ ಕಾಲಂ ಪೂರ್ತಿ ಬಿಚ್ಚಬೇಕು. ನೀರು ಕುಡದು, ಕೊಡದ ಮ್ಯಾಲೆ ತಾಟು ಮುಚ್ಚಿ ಹೊರಗ ಬಂದೆ.