ಮಿಶಿಗನ್ನಿನ ಆರ್ಗನ್ ಮೇಡಂ, ಮೈಸೂರಿನ ಮಹಾರಾಜರು

ಮಿಶಿಗನ್ ವಿಶ್ವವಿದ್ಯಾಲಯದ ಹಿಲ್ ಸಭಾಂಗಣಕ್ಕೆ ಈ ಭಾಗದ ಕನ್ನಡಿಗರಲ್ಲಿ ಬಹಳ ಜನ ಹೋಗಿರುತ್ತಾರೆ, ಸಿತಾರ್ ಕಛೇರಿಗೋ ಮಕ್ಕಳ ಕಾಲೇಜಿನ ಸಮಾರಂಭಕ್ಕೋ. ವೇದಿಕೆಯ ಹಿಂದೆ ಬಣ್ಣ ಬಳಿದ ಕೊಳವೆಗಳ ಸಾಲು ಕಾಣುತ್ತದೆ. ಅಲಂಕಾರಕ್ಕೆ ಇಟ್ಟಿದ್ದಾರೆ ಎಂದುಕೊಂಡೇ ಎಷ್ಟೋ ಜನ ಎದ್ದುಬರುತ್ತಾರೆ. ಆದರೆ ಅದು ವಾದ್ಯ. ಕಾಣುವುದು ಅದರ ಮುಖ ಮಾತ್ರ, ಹಿಂದೆ ಸಾವಿರಾರು ಕೊಳವೆಗಳಿವೆ. 1893ರ ಶಿಕಾಗೋ ವಿಶ್ವಮೇಳಕ್ಕೆಂದು ಕಟ್ಟಿದ ಆರ್ಗನ್ ಅದು. ಅದೇ ಮೇಳದ ಅಂಗವಾಗಿ ನಡೆದ ಧರ್ಮ ಸಮ್ಮೇಳನದಲ್ಲೇ ವಿವೇಕಾನಂದರು ಮಾತಾಡಿದ್ದು. ಮೇಳ ಮುಗಿದ ಮೇಲೆ ಈ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನವರು ಅದನ್ನು ಕೊಂಡು ತಂದರು. 1913ರಲ್ಲಿ ಹಿಲ್ ಸಭಾಂಗಣ ಕಟ್ಟಿದಾಗ ಇಲ್ಲಿಗೆ ಬಂತು, 1927ರಲ್ಲಿ ಆರ್ಗನ್ ಕಟ್ಟುವ ಅರ್ನೆಸ್ಟ್ ಸ್ಕಿನ್ನರ್ ಅದನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿಕೊಟ್ಟ.

ಈ ವಾದ್ಯದ ಮುಂದೆ ಕೂತು ಬಾಳು ಕಳೆದವರು ಮ್ಯಾರಿಲಿನ್ ಮೇಸನ್. 1925ರಲ್ಲಿ ಒಕ್ಲಹೋಮಾದ ಆಲ್ವಾ ಎಂಬ ಸಣ್ಣ ಊರಲ್ಲಿ ಹುಟ್ಟಿ, ಪಾಮರ್ ಕ್ರಿಶ್ಚಿಯನ್ ಎಂಬ ಆರ್ಗನ್ ಗುರುವಿನ ಬಳಿ ಕಲಿಯಲು ಮಿಶಿಗನ್‌ಗೆ ಬಂದರು. 1947ರಲ್ಲಿ ಅಲ್ಲೇ ಮೇಷ್ಟ್ರಾದರು. ನಿವೃತ್ತರಾದದ್ದು 2014ರಲ್ಲಿ. ಲೆಕ್ಕ ಹಾಕಿ, 67 ವರ್ಷ! ಅರವತ್ತು ತುಂಬಿದ ಕೂಡಲೇ ಹಾರ ಹಾಕಿ, ಫಲತಾಂಬೂಲ ಕೊಟ್ಟು ಮನೆಗೆ ಕಳಿಸುವ ನಮ್ಮ ಕಡೆಯವರಿಗೆ ಇದು ನಂಬಲಿಕ್ಕೇ ಕಷ್ಟ. ನಡುವೆ ಫ್ರಾನ್ಸಿಗೆ ಹೋಗಿ ಅಲ್ಲಿಯ ಹೆಸರಾಂತ ಸಂಗೀತ ಗುರುಗಳಾದ ನಾದಿಯಾ ಬುಲಾಂಜೆ, ಮೋರಿಸ್ ದುರುಫ್ಲೆ ಅವರಲ್ಲಿ ಪಾಠ ಹೇಳಿಸಿಕೊಂಡರು. ಆರ್ಗನ್ ವಿಭಾಗವನ್ನು ದಶಕಗಳ ಕಾಲ ನಡೆಸಿದರು. 1976ರಲ್ಲಿ ‘ಯೂನಿವರ್ಸಿಟಿ ಆರ್ಗನಿಸ್ಟ್’ ಎಂಬ ಪದವಿ ಬಂತು. 2019ರಲ್ಲಿ ತೀರಿಕೊಂಡರು.

ಈ ಪದವಿ ಬಿರುದು ಮಾತ್ರವಲ್ಲ, ಕೆಲಸವೂ ಹೌದು. ವಿಶ್ವವಿದ್ಯಾಲಯದ ಸಮಾರಂಭಗಳಿಗೆ ನುಡಿಸಬೇಕು, ಊರವರಿಗೆ ಕಛೇರಿ ಕೊಡಬೇಕು, ವಾದ್ಯದ ಆರೋಗ್ಯದ ಮೇಲೆ ಕಣ್ಣಿಡಬೇಕು, ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕಲಿಸಬೇಕು. ಆರ್ಗನ್ ಕಲಿಸುವುದೆಂದರೆ ಕೈಬೆರಳು ತಿದ್ದಿದರೆ ಸಾಲದು. ಕಾಲಿಗೂ ಬೇರೆ ಮನೆಗಳ (ಒತ್ತುವ ಕೀಲಿಗಳ) ಸಾಲಿದೆ, ಅದಕ್ಕೆಂದೇ ತೆಳು ಅಟ್ಟೆಯ ಬೂಟು ಹಾಕಿಕೊಳ್ಳುತ್ತಾರೆ. ಯಾವ ಕೊಳವೆಗುಂಪನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಪ್ರತಿ ವಾದ್ಯಕ್ಕೂ ಹೊಸದಾಗಿ ತೀರ್ಮಾನಿಸಬೇಕು, ಯಾಕೆಂದರೆ ಒಂದರಂತೆ ಇನ್ನೊಂದು ಆರ್ಗನ್ ಇರುವುದಿಲ್ಲ. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಮಾಸ್ತರರನ್ನು ನೋಡಿದವರಿಗೆ ಒಂದು ಅಂದಾಜು ಸಿಕ್ಕೀತು. ಅಲ್ಲಿ ಕಾಲು ಗಾಳಿ ಒತ್ತುತ್ತದೆ, ಇಲ್ಲಿ ಕಾಲೂ ರಾಗ ನುಡಿಸುತ್ತದೆ.

ಮೇಸನ್ ಅವರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಅವರು ತಮ್ಮ ವಾದ್ಯಕ್ಕೆ ಹೊಸ ಕೃತಿ ಬೇಕೆಂದು ಬದುಕಿರುವ ಸಂಗೀತ ರಚನಕಾರರನ್ನು ಹುಡುಕಿಕೊಂಡು ಹೋಗಿ ಬರೆಸಿದರು. ಹೀಗೆ ಬರೆಸಿದ ಕೃತಿಗಳು 70ಕ್ಕೂ ಹೆಚ್ಚು. ಅವರಿಗೆ ಬರೆದುಕೊಟ್ಟವರಲ್ಲಿ ಹೆನ್ರಿ ಕವೆಲ್ ಒಬ್ಬರು. ಮದ್ರಾಸಿಗೆ ಬಂದು ನಮ್ಮ ಸಂಗೀತ ಕೇಳಿ, ಜಲತರಂಗ, ತಬಲಾತರಂಗ ಸೇರಿಸಿ ‘ಮದ್ರಾಸ್’ ಎಂಬ ಸಿಂಫನಿಯನ್ನೇ ಬರೆದವರು ಇವರು. ಹಳೆಯ ಕಾಲದ ಜರ್ಮನ್ ರಚನಕಾರ ಬಾಖ್ ಇದ್ದಾನಲ್ಲ, ಅವನನ್ನೇ ನೂರು ಜನ್ಮ ನುಡಿಸಬಹುದು ಎಂದು ಮೇಸನ್ ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಆಧುನಿಕ ರಚನಕಾರ ಶೋನ್‌ಬರ್ಗ್ ಆರ್ಗನ್‌ಗೆ ಬರೆದ ಕಬ್ಬಿಣದ ಕಡಲೆಯಂಥ ಕೃತಿಯನ್ನು ಅವರ ಎದುರಿಗೇ ನುಡಿಸಿ, ತಿದ್ದಿಸಿಕೊಂಡು, ರೆಕಾರ್ಡ್ ಮಾಡಿದರು. ಆಗಿನ್ನೂ ಇಪ್ಪತ್ತರ ಹರೆಯದ ಹುಡುಗಿ.

ಈ ಅಭ್ಯಾಸ ನಮ್ಮಲ್ಲಿಲ್ಲ ಎಂದು ಗೊಣಗುವುದು ಸುಲಭ. ಆದರೆ ಇತ್ತು, ಬಹಳ ಚೆನ್ನಾಗಿಯೇ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರಿಂದ ಚಾಮುಂಡೇಶ್ವರಿಯ ಅಷ್ಟೋತ್ತರದ ಮೇಲೆ 108 ಕೃತಿಗಳನ್ನು ಮಾಡಿಸಿದರು, ಅದೂ ಕನ್ನಡದಲ್ಲಿ. ತಿರುನೆಲ್ವೇಲಿ ಸೀಮೆಯ ವಿದ್ವಾಂಸರಿಗೆ ಕನ್ನಡದ ಸಾಹಿತ್ಯ ಹೊಂದಿಸಿಕೊಟ್ಟು ಮಾಡಿಸಿದ ಕೆಲಸ. ಜಯಚಾಮರಾಜ ಒಡೆಯರ ಕಥೆ ಇನ್ನೂ ವಿಚಿತ್ರ. ಲಂಡನ್ನಿನಲ್ಲಿ ಹೆಚ್ಚುಕಡಿಮೆ ಮರೆತೇಹೋಗಿದ್ದ ರಷ್ಯದ ಮುದಿ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಮೈಸೂರಿನ ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ಇಲ್ಲಿಯ ಪಿಯಾನೋ ಮೇಷ್ಟ್ರುಗಳಿಗೆ ಈ ಹೆಸರು ಗೊತ್ತು. ಮೈಸೂರಿನಿಂದ ಬಂದವನು ಎಂದರೆ ಯೋಗ, ಗಂಧದಕಡ್ಡಿ ಎನ್ನುವ ಬದಲು ಮೆಟ್ನರ್ ಎಂದವರೂ ನನಗೆ ಸಿಕ್ಕಿದ್ದಾರೆ.

ರಾಜರು ಹೋದರು, ವಿಶ್ವವಿದ್ಯಾಲಯಗಳು ಬಂದವು. ಅರಮನೆ ಮಾಡುತ್ತಿದ್ದ ಕೆಲಸಗಳಲ್ಲಿ ಪಾಠ ಹೇಳಿಸುವುದನ್ನು ವಿಶ್ವವಿದ್ಯಾಲಯಗಳು ವಹಿಸಿಕೊಂಡವು, ಸನ್ಮಾನವನ್ನು ಸರ್ಕಾರ ವಹಿಸಿಕೊಂಡಿತು. ಬರೆಸುವ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ. ಮೈಸೂರಿನಲ್ಲಿ ಲಲಿತಕಲಾ ಕಾಲೇಜಾಯಿತು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರಂಥವರನ್ನೇ ಗೌರವ ನಿರ್ದೇಶಕರನ್ನಾಗಿ ಕೂರಿಸಿದರು. ಈಗ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಒಂದು ಸಂಗೀತ ವಿಶ್ವವಿದ್ಯಾಲಯವೇ ಇದೆ. ಆದರೆ ವೀಣೆಯ ಅಧ್ಯಾಪಕರೊಬ್ಬರು ‘ಇಂಥ ಕವಿಯ ಸಾಹಿತ್ಯಕ್ಕೆ, ಇಂಥ ರಾಗದಲ್ಲಿ, ನನ್ನ ವಾದ್ಯಕ್ಕೆ ಒಪ್ಪುವಂತೆ ಒಂದು ಕೃತಿ ಮಾಡಿಕೊಡಿ, ಸಂಭಾವನೆ ಇಷ್ಟು, ಮುಂದಿನ ವರ್ಷ ಮೊದಲ ಕಛೇರಿ’ ಎಂದು ಬರೆದರೆ, ಆ ಖರ್ಚನ್ನು ಯಾವ ಬಾಬಿನಲ್ಲಿ ಹಾಕುವುದೆಂದು ಲೆಕ್ಕಪತ್ರದವರು ತಲೆ ಕೆರೆದುಕೊಳ್ಳುತ್ತಾರೆ.

ನಮ್ಮದು ಮನೋಧರ್ಮದ ಸಂಗೀತ, ನಿತ್ಯವೂ ಹೊಸದು, ಬರೆಸುವ ಹಂಗು ಯಾಕೆ ಎನ್ನುವವರಿದ್ದಾರೆ. ಈ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಆರ್ಗನ್‌ನವರೂ ಸ್ಥಳದಲ್ಲೇ ಕಟ್ಟಿ ನುಡಿಸುವವರೇ, ಅವರಲ್ಲಿ ಅದು ಪರೀಕ್ಷೆಯ ವಿಷಯವೂ ಹೌದು. ಹಾಗೆಂದು ಬರೆಸುವುದನ್ನು ಬಿಟ್ಟಿಲ್ಲ. ಇತ್ತ ಕನ್ನಡದ ಪಾಡು ನೋಡಿ. ಕರ್ನಾಟಕ ಸಂಗೀತದ ಎರಡೂವರೆ ಗಂಟೆಯ ಕಛೇರಿಯಲ್ಲಿ ಕನ್ನಡ ಬರುವುದು ಬಹುಮಟ್ಟಿಗೆ ತನಿ (ಮೃದಂಗದಂಥ ತಾಳವಾದ್ಯಗಳದೇ ಸರದಿ) ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ, ಒಂದು ದೇವರನಾಮವಾಗಿ. ವಿಸ್ತಾರವಾಗಿ ಹಾಡಲು ಕೃತಿಗಳಿಲ್ಲವೆಂದಲ್ಲ; ಮುತ್ತಯ್ಯ ಭಾಗವತರ ಆ 108ರಲ್ಲಿ ವೇದಿಕೆ ಮೇಲೆ ಕೇಳಿಬರುವುದು ಬೆರಳೆಣಿಕೆಯಷ್ಟು. ಇದ್ದುದನ್ನು ಹಾಡಿಸುವವರೂ ಇಲ್ಲ, ಇಲ್ಲದ್ದನ್ನು ಮಾಡಿಸುವವರೂ ಇಲ್ಲ.

ಅಮೆರಿಕದ ಪದ್ಧತಿಯೆಲ್ಲ ಚಿನ್ನ ಎಂದೇನೂ ನಾನು ಹೇಳುತ್ತಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ಕಾಸಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕೊಟ್ಟರು. ಅಂಥದ್ದನ್ನು ನಾನು ಇಲ್ಲಿ ಕಂಡಿಲ್ಲ. ಇಲ್ಲಿ ಆರ್ಗನ್ ಕಲಿಯುವ ಹುಡುಗ ಸಾಲ ತೆಗೆದು ಫೀಸು ಕಟ್ಟುತ್ತಾನೆ. ಭಾನುವಾರ ಚರ್ಚಿನಲ್ಲಿ ನುಡಿಸಿ ಅದನ್ನು ತೀರಿಸಬೇಕು, ಆ ಚರ್ಚುಗಳಲ್ಲೋ ಜನ ಕಡಿಮೆಯಾಗುತ್ತಿದ್ದಾರೆ. ಕಛೇರಿಗೆ ಬಂದವರ ತಲೆಗಳನ್ನು ಹಿಂದಿನ ಸಾಲಿನಿಂದ ನೋಡಿದರೆ ಎಲ್ಲ ಬೆಳ್ಳಗೆ. ಇದು ಬೆಂಗಳೂರಿನ ರಾಮನವಮಿ ಕಛೇರಿಗಳಿಗೆ ಹೋಗುವವರಿಗೂ ಪರಿಚಯದ ದೃಶ್ಯವೇ.

ಇನ್ನೊಂದು ವ್ಯತ್ಯಾಸವನ್ನು ಹೇಳದಿದ್ದರೆ ಅನ್ಯಾಯ. ಆರ್ಗನ್ ಕಟ್ಟಡದ ಭಾಗ, ಹೊತ್ತುಕೊಂಡು ಹೋಗುವಂತಿಲ್ಲ. ಹಾಗಾಗಿ ಸಂಸ್ಥೆಗೆ ವಾದ್ಯದ ಮೇಲೆ ಮಮಕಾರ, ವಾದಕರಿಗೆ ಸಂಸ್ಥೆಯ ಮೇಲೆ. ಮೇಸನ್ ಕೆಲಸದಲ್ಲಿ ಇರುವಾಗಲೇ, 1985ರಲ್ಲಿ, ಸಂಗೀತ ಶಾಲೆಯಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಸಿಲ್ಬರ್ಮಾನ್‌ನ ಹಳೆಯ ಆರ್ಗನ್‌ಗಳ ಮಾದರಿಯಲ್ಲಿ ಫಿಸ್ಕ್ ಕಂಪನಿಯವರಿಂದ ಒಂದು ವಾದ್ಯ ಕಟ್ಟಿಸಿ ಅದಕ್ಕೆ ಮೇಸನ್ ಅವರ ಹೆಸರನ್ನೇ ಇಟ್ಟರು. ಪ್ರತಿಮೆ ನಿಲ್ಲಿಸುವುದಕ್ಕಿಂತ ಇದು ವಾಸಿ ಎನಿಸುತ್ತದೆ. ಮುಂದಿನ ಹುಡುಗರು ಅದರ ಮೇಲೆ ತಪ್ಪು ನುಡಿಸಿ ಕಲಿಯಬಹುದು.

ಸರ್ಕಾರ ಮಾಡಲಿ, ವಿಶ್ವವಿದ್ಯಾಲಯ ಮಾಡಲಿ ಎನ್ನುವ ಮೊದಲು ನಮ್ಮ ಹೊರನಾಡ ಕನ್ನಡ ಕೂಟಗಳ ಕಡೆಗೂ ಬೆರಳು ತೋರಿಸಬೇಕು. ರಾಜ್ಯೋತ್ಸವಕ್ಕೆ ಸಿನಿಮಾ ಗಾಯಕರನ್ನು ಕರೆಸಲು ವಿಮಾನ, ಹೋಟೆಲು, ವಾದ್ಯವೃಂದ ಎಂದು ಧಾರಾಳವಾಗಿ ಖರ್ಚು ಮಾಡುತ್ತೇವೆ. ಮಾಡೋಣ, ನನಗೂ ಆ ಹಾಡುಗಳು ಇಷ್ಟ. ಅದರ ಒಂದು ಪಾಲನ್ನು ಎತ್ತಿಟ್ಟು ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಒಬ್ಬ ವಾಗ್ಗೇಯಕಾರರಿಗೆ (ಸಾಹಿತ್ಯ, ಸಂಗೀತ ಎರಡನ್ನೂ ರಚಿಸುವವರಿಗೆ) ಮುಂಗಡ ಕಳಿಸಿ, ವರ್ಷಕ್ಕೊಂದು ಕನ್ನಡ ಕೃತಿ ಕೇಳಬಹುದು. ಷರತ್ತು ಎರಡು ಸಾಕು: ಸ್ವರಪ್ರಸ್ತಾರ (ಕೃತಿಯ ಸ್ವರಗಳ ಬರಹ) ಎಲ್ಲರಿಗೂ ಉಚಿತವಾಗಿ ಸಿಗಬೇಕು, ಮತ್ತು ಮೊದಲ ಬಾರಿಗೆ ಹಾಡುವಾಗ ಅದು ಕಛೇರಿಯ ನಡುವೆ, ತನಿಗೆ ಮುಂಚೆ ಬರಬೇಕು.