ಗಾಜಿನ ಮನೆಗೆ ತಗಡಿನ ಟೋಪಿ

ಆ ಮನೆಯ ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕಾರವಾರದಿಂದ ಅಂಕೋಲೆಯ ಕಡೆ ಬರುವಾಗ ಗಾಳಿಗಿಡಗಳ ಸಂದಿಯಲ್ಲಿ ಹೊಳೆಯುತ್ತದಲ್ಲ, ಅದೇ. ಮೈಯೆಲ್ಲ ಗಾಜು, ನೆತ್ತಿ ಬೋಳು. ಒಳಗು ಹೊರಗುಗಳ ನಡುವಿನ ಗೆರೆಯನ್ನೇ ಅಳಿಸಿದ ಮನೆಯಂತೆ. ನಮ್ಮಲ್ಲಿ ಆ ಗೆರೆ ಅಳಿಸಲು ಇಂಜಿನಿಯರ್ ಬೇಕಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ಹಂಚು ಜಾರಿದರೆ ಸಾಕಿತ್ತು.

ನಮ್ಮ ಹಿರಿಯರು ದಡ್ಡರು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಈ ಕರಾವಳಿಯಲ್ಲಿ ಚಿರೆಕಲ್ಲಿನ ದಪ್ಪ ಗೋಡೆ ಎಬ್ಬಿಸಿ, ಸೂರನ್ನು ತಲೆಗೆ ತಾಗುವಷ್ಟು ತಗ್ಗಿಸಿ, ಜಗುಲಿಗೆ ಮಡಲಿನ ತಟ್ಟಿ ಬಿಗಿದು ಕತ್ತಲಲ್ಲಿ ಕುಳಿತರು. ಸಮುದ್ರದ ನೋಟ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮೀನುಗಾರನಿಗೆ ಅದು ದುಡಿಯುವ ಜಾಗ. ಗುಮಾಸ್ತನೊಬ್ಬ ಮನೆಗೆ ಬಂದ ಮೇಲೂ ಕಿಟಕಿಯಲ್ಲಿ ಕಚೇರಿಯನ್ನೇ ನೋಡುತ್ತ ಕುಳಿತಾನೆಯೇ?

ಗಾಜಿನ ಮನೆಯ ತಾರಸಿ ಮೊದಲ ಮಳೆಗಾಲಕ್ಕೇ ಸೋರಿತು. ಈಗ ಅದರ ಮೇಲೆ ಹಸಿರು ತಗಡಿನ ಶೀಟು. ಭಟ್ಕಳದಿಂದ ಮಾಜಾಳಿಯವರೆಗೆ ನೋಡಿ, ಹಂಚು ಇಳಿಸಿ ತಾರಸಿ ಹಾಕಿಸಿದ ಎಷ್ಟೋ ಮನೆಗಳಿಗೆ ಇದೇ ಟೋಪಿ. ಇಳಿಜಾರು ಮಾಡು ಬೇಡವೆಂದು ಒಮ್ಮೆ ಸಾಲ, ಬೇಕೆಂದು ಇನ್ನೊಮ್ಮೆ ಸಾಲ. ನನ್ನ ಮನೆಯ ಮೇಲೂ ಒಂದಿದೆ, ಹಾಗಾಗಿ ಹೆಚ್ಚು ನಗುವಂತಿಲ್ಲ.

ಆ ಗಾಜಿನ ಮನೆಯ ನಡುಮನೆಯಲ್ಲಿ ಶಿರಸಿ ಕಡೆ ಕೆಡವಿದ ಯಾವುದೋ ಹಳೆಯ ಮನೆಯ ಹಲಸಿನ ಕಂಬವಿದೆ. ಅಷ್ಟು ವರ್ಷ ಮಾಡು ಹೊತ್ತದ್ದು ಈಗ ಏನನ್ನೂ ಹೊರುವುದಿಲ್ಲ; ಬುಡಕ್ಕೆ ದೀಪ ಹಾಕಿ ಸುಮ್ಮನೆ ನಿಲ್ಲಿಸಿದ್ದಾರೆ. ನಿವೃತ್ತ ಮಾಸ್ತರನಿಗೆ ಶಾಲು ಹೊದಿಸಿ ವೇದಿಕೆಯಲ್ಲಿ ಕೂರಿಸಿದ ಹಾಗೆ. ಆ ಕಂಬದ ಸಂಕಟ ನನಗೆ ಗೊತ್ತು.

ಯಜಮಾನರು ಬರುವುದು ವರ್ಷಕ್ಕೆರಡು ಸಲ. ಉಳಿದ ದಿನ ಕೆಲಸದ ಹುಡುಗ ಗಾಜು ಒರೆಸುತ್ತಾನೆ. “ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಉಪ್ಪು ಕೂತಿರುತ್ತದೆ ಮಾಸ್ತರೇ” ಎನ್ನುತ್ತಾನೆ. ಕೋಟಿಗಟ್ಟಲೆ ಸುರಿದ ಮನೆಯಿಂದ ದಿನವೂ ಸಮುದ್ರ ನೋಡುವವನು ಅವನೊಬ್ಬನೇ, ಅದೂ ಬಟ್ಟೆ ಆಡಿಸಿದಷ್ಟು ಅಗಲ. ಅಂಗಳದಲ್ಲಿ ಈಜುಕೊಳ ಬೇರೆ; ಎದುರಿಗಿರುವ ಅರಬ್ಬೀ ಸಮುದ್ರ ಸಾಲದೆ ಹೋಯಿತು. ಏಪ್ರಿಲ್‌ನಲ್ಲಿ ಕೇರಿಯ ಬಾವಿಗಳು ಉಪ್ಪಾದಾಗ ಟ್ಯಾಂಕರ್ ಮೊದಲು ತಿರುಗುವುದು ಆ ಗೇಟಿಗೆ.

ಅದನ್ನೂ ಸಹಿಸಬಹುದಿತ್ತು. ಪಕ್ಕದಲ್ಲೇ ನನ್ನ ಹಳೆಯ ವಿದ್ಯಾರ್ಥಿಯ ಗುಡಿಸಲಿದೆ. ಮುದಿ ತಾಯಿಗೊಂದು ಬಚ್ಚಲುಮನೆ ಕಟ್ಟಿಸಬೇಕೆಂದು ಅವನು ಮೂರು ವರ್ಷ ಕಚೇರಿ ಅಲೆದ. ಸಿಆರ್‌ಝಡ್ ಎಂದರು, ಅಂದರೆ ಕಡಲಂಚಿನಲ್ಲಿ ಕಟ್ಟುವುದಕ್ಕೆ ಕಡಿವಾಣ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಲ್ಲಿ ಬಂದ ಆ ಅಧಿಸೂಚನೆಯನ್ನು 2011ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಹೊಸದಾಗಿ ಬರೆದಿದ್ದಾರೆ. ಅವನಿಗೆ ಮಾತ್ರ ಪ್ರತಿ ಸಲವೂ ಉಬ್ಬರದ ಗೆರೆ, 200 ಮೀಟರ್, ನಕ್ಷೆ ತನ್ನಿ, ನಾಳೆ ಬನ್ನಿ. ನಾಲ್ಕು ಸಾಲು ಕಲ್ಲಿನ ಬಚ್ಚಲಿಗೆ ಅಡ್ಡ ಬಂದ ಗೆರೆ ಅದೇ ಮರಳಿನ ಮೇಲಿನ ಎರಡು ಅಂತಸ್ತಿಗೆ ಏಕೆ ಅಡ್ಡ ಬರಲಿಲ್ಲ? ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಉತ್ತರ ಗೊತ್ತಿದ್ದೂ ಕೇಳುವುದು ಇನ್ನೂ ಬೇಸರ.

ಆ ತಾಯಿ ಈಗಲೂ ನಾಲ್ಕು ಗೂಟಕ್ಕೆ ಕಟ್ಟಿದ ನೀಲಿ ತಾಡಪತ್ರಿಯ ಮರೆಯಲ್ಲಿ ಮೀಯುತ್ತಾಳೆ. ಮೊನ್ನೆ ಗಾಜಿನ ಮನೆಯಿಂದ ಹುಡುಗನ ಕೈಯಲ್ಲಿ ಹೇಳಿ ಕಳಿಸಿದ್ದರಂತೆ: ಮಾಳಿಗೆಯಿಂದ ಫೋಟೊ ತೆಗೆದರೆ ಆ ನೀಲಿ ಅಡ್ಡ ಬರುತ್ತದೆ, ಬೇರೆ ಬಣ್ಣದ್ದು ಕಟ್ಟಲು ಸಾಧ್ಯವೇ?